ಕರಾರಿನ ದಿನಾಂಕ ಯಾರ ಕಣ್ಣ ಮುಂದಿದೆ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಖರೀದಿ ಮತ್ತು ಪಾವತಿಯ ಹೊಣೆ ನನ್ನದು. ಕಮಲಾಪುರದಲ್ಲಿ ನಮ್ಮದೊಂದು ಬಾಡಿಗೆ ಗೋದಾಮಿದೆ. ಸುತ್ತಲ ಹಳ್ಳಿಗಳ ತೊಗರಿ ಅಲ್ಲಿ ಇಳಿದು, ಹುಮನಾಬಾದ್ ರಸ್ತೆ ಹಿಡಿದು ಮಿಲ್ಲಿಗೆ ಬರುತ್ತದೆ. ದಾಲ್ ಮಿಲ್ ಎಂದರೆ ಹೊರಗಿನವರಿಗೆ ಕಾಣುವುದು ತೊಗರಿ ಮತ್ತು ಬೇಳೆ. ಒಳಗೆ ಕೂತವರಿಗೆ ಕಾಣುವುದು ಬಾರದಾನ (ಖಾಲಿ ಚೀಲ) ಕೊಡುವವರು, ಲಾರಿಯವರು, ಹಮಾಲರ ಮೇಸ್ತ್ರಿ, ಬೇಳೆಯನ್ನು ಬಣ್ಣದ ಮೇಲೆ ವಿಂಗಡಿಸುವ ಸಾರ್ಟೆಕ್ಸ್ ಯಂತ್ರ ನೋಡಿಕೊಳ್ಳುವ ಕಂಪನಿ, ವೇ ಬ್ರಿಜ್ ರಿಪೇರಿಯವರು, ಜನರೇಟರ್‌ನವರು, ಗೋದಾಮಿಗೆ ಔಷಧಿ ಹೊಗೆ ಹಾಕುವವರು, ಕಾವಲುಗಾರರನ್ನು ಕೊಡುವ ಏಜೆನ್ಸಿ, ವಿಮೆಯವರು. ಇವರೆಲ್ಲರ ಜೊತೆ ನಮಗೆ ಒಂದೊಂದು ಕರಾರಿದೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಗಂಜಿಗೆ, ಅಂದರೆ ಇಲ್ಲಿನ ಮಾರುಕಟ್ಟೆಗೆ, ಬರತೊಡಗಿದರೆ ಎಲ್ಲ ಕರಾರುಗಳೂ ಒಟ್ಟಿಗೇ ಎದ್ದು ನಿಲ್ಲುತ್ತವೆ.

ಕರಾರೇ ಇಲ್ಲದೆ ವ್ಯವಹಾರ ಕೆಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಕರಾರಿನಲ್ಲಿ ಬರೆದ ಮಾತು, ಬೇಕಾದ ದಿನ, ಬೇಕಾದವರ ಕಣ್ಣ ಮುಂದೆ ಇಲ್ಲದೆ ಕೆಟ್ಟಿದ್ದನ್ನೇ ಹೆಚ್ಚು ನೋಡಿದ್ದೇನೆ. ಕರಾರು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಬೇಕಾದ ಕೆಲಸ ಒಂದೇ, ಆ ಮಾತನ್ನು ಆ ದಿನ ಅವರ ಕಣ್ಣ ಮುಂದೆ ತರುವುದು. ಅವರು ನಮಗೆ ಕೊಟ್ಟ ಮಾತಿಗೆ ಇದು ಎಷ್ಟು ಅನ್ವಯಿಸುತ್ತದೋ, ನಾವು ಅವರಿಗೆ ಕೊಟ್ಟ ಮಾತಿಗೂ ಅಷ್ಟೇ. ಈ ಕೆಲಸದಲ್ಲಿ ಕಲಿತದ್ದನ್ನು ನಮ್ಮಂಥ ಮಿಲ್, ಅಂಗಡಿ, ಸಣ್ಣ ಕಾರ್ಖಾನೆಗಳವರಿಗಾಗಿ ಇಲ್ಲಿ ಬರೆದಿದ್ದೇನೆ.

1. ಸಾಫ್ಟ್‌ವೇರ್ ಕೊಳ್ಳುವ ಮೊದಲು ಪಾವತಿಯ ಖಾತೆ ತೆರೆಯಿರಿ

"ನಿಮ್ಮಲ್ಲಿ ಎಷ್ಟು ಕರಾರು ಅದಾವ್ರಿ?" ಎಂದು ಯಾರನ್ನಾದರೂ ಕೇಳಿ, ಫೈಲಿನಲ್ಲಿರುವಷ್ಟನ್ನೇ ಎಣಿಸಿ ಹೇಳುತ್ತಾರೆ. ನಿಜವಾದ ಪಟ್ಟಿ ಇರುವುದು ಫೈಲಿನಲ್ಲಿ ಅಲ್ಲ, ಲೆಕ್ಕದಲ್ಲಿ. ಟ್ಯಾಲಿಯಲ್ಲಿ ಕಳೆದ ಒಂದು ಹಣಕಾಸು ವರ್ಷದಲ್ಲಿ ಯಾರು ಯಾರಿಗೆ ಹಣ ಹೋಗಿದೆ ಎಂಬ ಪಟ್ಟಿ ತೆಗೆಯಿರಿ. ಒಂದೊಂದು ಹೆಸರಿನ ಮುಂದೆ ಕೇಳಿ: ಈ ದರ ಯಾರು ಒಪ್ಪಿದ್ದು? ಕಾಗದ ಎಲ್ಲಿದೆ? ಯಾವಾಗ ಮುಗಿಯುತ್ತದೆ?

ಉತ್ತರಗಳು ನಾಲ್ಕು ಕಡೆ ಚದುರಿರುತ್ತವೆ. ಕೆಲವು ವಕೀಲರ ಕಚೇರಿಯಲ್ಲಿ, ಕೆಲವು ಮುನೀಮರ ಮೇಜಿನ ಖಾನೆಯಲ್ಲಿ, ಕೆಲವು ಮಾಲೀಕರ ವಾಟ್ಸಾಪಿನಲ್ಲಿ, ಉಳಿದವು ಬರೀ ನೆನಪಿನಲ್ಲಿ. ಈ ಪಟ್ಟಿ ಕೈಗೆ ಬರುವ ಮೊದಲು ಯಾವ ಸಾಫ್ಟ್‌ವೇರ್ ತಂದರೂ ಅದರೊಳಗೆ ತುಂಬಲು ಏನೂ ಇರುವುದಿಲ್ಲ. ಪಟ್ಟಿ ಬಂದ ಮೇಲೆ ಅರ್ಧ ಕೆಲಸ ಆದಂತೆಯೇ. ಒಂದೇ ಕೆಲಸಕ್ಕೆ ಇಬ್ಬರಿಗೆ ಹಣ ಹೋಗುತ್ತಿರುವುದು, ಮುಗಿದ ಕರಾರಿನ ಮೇಲೆಯೇ ಬಿಲ್ ಬರುತ್ತಿರುವುದು ಆಗಲೇ ಕಣ್ಣಿಗೆ ಬೀಳುತ್ತದೆ.

2. ಬಾಯಿಮಾತಿನ ಸೌದಾಗೂ ಒಂದು ನಮೂದು ಇರಲಿ

ಗಂಜಿನ ವ್ಯಾಪಾರ ನಿಂತಿರುವುದು ಮಾತಿನ ಮೇಲೆ. ಅಡತಿಯವರು ಫೋನಿನಲ್ಲಿ ದರ ಹೇಳುತ್ತಾರೆ, ನಾವು ಹ್ಞೂಂ ಅನ್ನುತ್ತೇವೆ, ಮಾಲು ಹೊರಡುತ್ತದೆ. ಈ ನಂಬಿಕೆಯನ್ನು ಕಾಗದದಿಂದ ಮುರಿಯಬಾರದು, ಕಾಯಬೇಕು. ಸೌದಾ ಆದ ಕೂಡಲೇ ಐದು ಸಾಲಿನ ಸಂದೇಶವನ್ನು ಕನ್ನಡದಲ್ಲಿಯೇ ಕಳಿಸಿ: ಮಾಲು ಯಾವುದು, ಎಷ್ಟು ಕ್ವಿಂಟಲ್, ಯಾವ ದರ, ತೇವಾಂಶ ಎಷ್ಟರೊಳಗೆ, ಹಣ ಎಷ್ಟು ದಿನಕ್ಕೆ. ಆ ಕಡೆಯಿಂದ "ಹೌದ್ರಿ" ಎಂದು ಬಂದರೆ ಆ ಸಂದೇಶವನ್ನೇ ಕರಾರಿನ ನಮೂದಿಗೆ ಸೇರಿಸಿ.

ಇದಕ್ಕೆ ಕಾನೂನಿನ ಬಲವೂ ಇದೆ. 1872ರ ಭಾರತೀಯ ಕರಾರು ಕಾಯ್ದೆ ಸಾಮಾನ್ಯ ಕೊಡುಕೊಳ್ಳುವಿಕೆಗೆ ಬರಹ ಇರಲೇಬೇಕೆಂದು ಹೇಳುವುದಿಲ್ಲ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ತಳ್ಳಿಹಾಕುವಂತಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಆದರೆ ಇದರ ದೊಡ್ಡ ಉಪಯೋಗ ಕೋರ್ಟಿನಲ್ಲಿ ಅಲ್ಲ. ಎರಡು ತಿಂಗಳ ನಂತರ ಇಬ್ಬರ ನೆನಪೂ ಬೇರೆ ಬೇರೆ ದಾರಿ ಹಿಡಿದಾಗ, ಜಗಳಕ್ಕೆ ಮೊದಲೇ ಇಬ್ಬರೂ ಒಂದೇ ಸಾಲು ಓದಬಹುದು.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದ ಮೇಲೆ ಇನ್ನೊಂದು ಕಾಲಂ ಅಗತ್ಯವಾಗಿದೆ: ತೊಗರಿ ಯಾವ ಸೀಮೆಯದು. ಆ ಹೆಸರಿನ ಮೇಲೆ ಬೇಳೆ ಮಾರುವುದಾದರೆ ಮೂಲದ ಊರನ್ನು ಖರೀದಿಯ ಹಂತದಲ್ಲೇ ಬರೆದಿಡಬೇಕು. ಚೀಲಗಳು ಬೆರೆತ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಹೇಳಲಾರದು.

3. ಮುಗಿಯುವ ದಿನಕ್ಕಿಂತ ತೀರ್ಮಾನದ ದಿನ ಮುಖ್ಯ

ಕರಾರಿನ ಕೊನೆಯ ದಿನವನ್ನು ಎಲ್ಲರೂ ಬರೆಯುತ್ತಾರೆ. ಆ ದಿನ ಎಚ್ಚರಿಕೆ ಬಂದರೆ ಏನೂ ಮಾಡಲಾಗುವುದಿಲ್ಲ. ಯಂತ್ರಗಳ ವಾರ್ಷಿಕ ನಿರ್ವಹಣೆಯ ಎಷ್ಟೋ ಕರಾರುಗಳಲ್ಲಿ, ಬೇಡವಾದರೆ ಇಷ್ಟು ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ತಾನಾಗಿ ಮುಂದುವರಿಯುತ್ತದೆ ಎಂಬ ಷರತ್ತು ಇರುತ್ತದೆ. ಹೀಗಾಗಿ ನಮ್ಮ ಪಟ್ಟಿಯಲ್ಲಿ ಎರಡು ದಿನಾಂಕಗಳಿವೆ. ಒಂದು ಕರಾರು ಮುಗಿಯುವುದು, ಇನ್ನೊಂದು ನಾವು ತೀರ್ಮಾನ ತೆಗೆದುಕೊಳ್ಳಬೇಕಾದದ್ದು. ಎಚ್ಚರಿಕೆ ಹೊರಡುವುದು ಎರಡನೆಯದರ ಮೇಲೆ.

ಕಮಲಾಪುರದ ಗೋದಾಮು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ವರ್ಷ ಮೀರಿದ ಭೋಗ್ಯ ಅಥವಾ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದಕ್ಕಾಗಿ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಹನ್ನೊಂದು ತಿಂಗಳ ಕರಾರು ಪ್ರತಿ ಸಲ ಒಂದು ತಿಂಗಳು ಹಿಂದೆ ಸರಿಯುತ್ತದೆ. ಈ ವರ್ಷ ಮಾರ್ಚ್‌ನಲ್ಲಿ ಮುಗಿದದ್ದು ಮುಂದಿನ ವರ್ಷ ಫೆಬ್ರವರಿಯಲ್ಲಿ, ಅದರಾಚೆ ಜನವರಿಯಲ್ಲಿ. ಹೀಗೆ ಸರಿಯುತ್ತಾ ಗೋದಾಮು ತುಂಬಿ ತುಳುಕುವ ದಿನಗಳಿಗೇ ಬಂದು ನಿಲ್ಲುತ್ತದೆ. ಚೀಲ ತುಂಬಿದ ಗೋದಾಮಿನಲ್ಲಿ ನಿಂತು ಬಾಡಿಗೆಯ ಮಾತುಕತೆ ಮಾಡುವವರ ಕೈ ಯಾವಾಗಲೂ ಕೆಳಗೇ. ಎಚ್ಚರಿಕೆ ಮಳೆಗಾಲದಲ್ಲೇ ಬರುವಂತೆ ಇಡಿ, ಮಾತು ಆಗಲೇ ಮುಗಿಸಿ.

ವೇ ಬ್ರಿಜ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ ಬೀಳಬೇಕು. ಅದೂ ಇದೇ ಪಟ್ಟಿಗೆ ಬರಲಿ. ಸುಗ್ಗಿ ಕಾಲದಲ್ಲಿ ಆ ಮುದ್ರೆಯ ಅವಧಿ ಮುಗಿದರೆ ರೈತರ ತೂಕದ ಮೇಲಿನ ನಂಬಿಕೆಯೂ ಅಲ್ಲಿಗೇ ನಿಲ್ಲುತ್ತದೆ.

4. ಸಣ್ಣವರ ಹಣದ ಗಡುವು ಕರಾರಿನ ಮೊದಲ ಸಾಲಿನಲ್ಲಿರಲಿ

ಈ ಪಾಠವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಹಣ, ಕಾನೂನು, ಮನುಷ್ಯತ್ವ ಮೂರೂ ಸೇರಿವೆ.

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಬರಹದ ಕರಾರಿದ್ದರೆ ಅದರಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ ಎಷ್ಟೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಬರಹದ ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಷ್ಟು ವರ್ಷ ಈ ನಿಯಮ ಪುಸ್ತಕದಲ್ಲೇ ಇತ್ತು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಂ ಸೇರಿಸಿದ ಮೇಲೆ ಎಲ್ಲರೂ ತಿರುಗಿ ನೋಡಿದರು. ಗಡುವು ಮೀರಿದ ಇಂಥ ಬಾಕಿ ವರ್ಷದ ಕೊನೆಗೆ ಹಾಗೇ ಉಳಿದರೆ ಆ ವರ್ಷದ ಖರ್ಚೆಂದು ತೋರಿಸಲು ಬರುವುದಿಲ್ಲ. ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು.

ಇದನ್ನು ನಡೆಸಲು ಪ್ರತಿ ಪಾರ್ಟಿಯ ಮುಂದೆ ಮೂರು ವಿಷಯ ಇರಬೇಕು. ಮೊದಲನೆಯದು ಉದ್ಯಮ್ ನೋಂದಣಿ ಸಂಖ್ಯೆ ಮತ್ತು ಪ್ರಮಾಣಪತ್ರದ ಪ್ರತಿ. ಎರಡನೆಯದು ಅವರು ಸೂಕ್ಷ್ಮವೋ, ಸಣ್ಣದೋ, ಮಧ್ಯಮವೋ. ಮಧ್ಯಮ ಉದ್ದಿಮೆಗೆ ಈ ಗಡುವಿನ ರಕ್ಷಣೆ ಇಲ್ಲ. ಮೂರನೆಯದು ಅವರು ತಯಾರಕರೋ, ಸೇವೆ ಕೊಡುವವರೋ, ಬರೀ ವ್ಯಾಪಾರಿಗಳೋ. ಬರೀ ಕೊಂಡು ಮಾರುವವರ ಉದ್ಯಮ್ ನೋಂದಣಿ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ಟ್ಯಾಲಿಪ್ರೈಮ್‌ನ ಹೊಸ ಆವೃತ್ತಿಗಳಲ್ಲಿ ಈ ವಿವರ ತುಂಬಿ ಗಡುವು ಮೀರಿದ ಬಿಲ್ಲುಗಳ ಪಟ್ಟಿ ತೆಗೆಯಬಹುದು.

ಎಣಿಕೆ ಶುರುವಾಗುವುದು ಬಿಲ್ ನಮ್ಮ ಮೇಜಿಗೆ ಬಂದ ದಿನದಿಂದಲ್ಲ, ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲಿನ ಬಗ್ಗೆ ತಕರಾರಿದ್ದರೆ ಬಂದ 15 ದಿನದೊಳಗೆ ಬರೆದು ತಿಳಿಸಬೇಕು, ಇಲ್ಲದಿದ್ದರೆ ಒಪ್ಪಿಕೊಂಡಂತೆ. ಆದ್ದರಿಂದ ಗೇಟಿನ ತೂಕದ ಚೀಟಿಯ ದಿನಾಂಕವೇ ಸಾಫ್ಟ್‌ವೇರಿಗೆ ಹೋಗಬೇಕು. ಬಾರದಾನ ಹೊಲಿಸುವ ಸಣ್ಣ ಘಟಕಕ್ಕೆ ನಮ್ಮ ಬಾಕಿ ಎಂದರೆ ಆ ವಾರದ ಪಗಾರ. ಅವರು ಸಂಕೋಚಪಟ್ಟು ಕೇಳುವ ಮೊದಲೇ ನಮ್ಮ ಪರದೆ ನಮಗೆ ಹೇಳಬೇಕು.

5. ಬಿಲ್ಲನ್ನು ಕರಾರಿಗೆ ಕಟ್ಟಿ

ಕರಾರು ಒಂದು ಕಡೆ, ಬಿಲ್ ಇನ್ನೊಂದು ಕಡೆ ಇದ್ದರೆ ಎರಡೂ ಎಂದೂ ಭೇಟಿಯಾಗುವುದಿಲ್ಲ. ಬಿಲ್ ಪಾಸಾಗುವ ಮೊದಲು ಮೂರು ಕಾಗದ ಒಂದೇ ಪರದೆಯಲ್ಲಿ ಕೂಡಬೇಕು: ಕರಾರಿನ ದರ, ಗೇಟಿನಲ್ಲಿ ಬಂದ ಲೆಕ್ಕ, ಬಿಲ್ಲಿನ ಮೊತ್ತ.

ಬಾರದಾನದಲ್ಲಿ ಚೀಲಕ್ಕೆ 40 ಪೈಸೆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. 10,000 ಚೀಲಕ್ಕೆ ಅದು 4,000 ರೂಪಾಯಿ. ವ್ಯತ್ಯಾಸಕ್ಕೆ ಮೋಸವೇ ಕಾರಣ ಎಂದುಕೊಳ್ಳಬೇಡಿ. ಒಪ್ಪಿದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಇಳಿಸುವ ಹಮಾಲಿ ಯಾರದ್ದು, ಲಾರಿ ಕಾದು ನಿಂತರೆ ಎಷ್ಟು ಗಂಟೆಯ ಮೇಲೆ ಎಷ್ಟು, ಚೀಲ ಹರಿದಿದ್ದರೆ ಯಾರ ನಷ್ಟ ಎಂಬುದು ಬರೆಯದೆ ಉಳಿದಾಗಲೇ ವ್ಯತ್ಯಾಸ ಹುಟ್ಟುವುದು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ತುಂಬದಿದ್ದರೆ ನಮೂದು ಉಳಿಸಲೇ ಬಾರದ ಹಾಗೆ ಫಾರ್ಮ್ ಮಾಡಿಸಿ.

ಲಾರಿಯವರ ವಿಷಯದಲ್ಲಿ ಇನ್ನೊಂದು ದಾಖಲೆ ಇದೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳಿರುವ ಮಾಲೀಕರು ಪ್ಯಾನ್ ಸಹಿತ ಘೋಷಣೆ ಕೊಟ್ಟರೆ ಅವರ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯಬೇಕಿಲ್ಲ. ಆ ಘೋಷಣೆಯನ್ನು ವರ್ಷದ ಆರಂಭದಲ್ಲೇ ತೆಗೆದುಕೊಂಡು ಕರಾರಿಗೆ ಅಂಟಿಸಿದರೆ, ಮಾರ್ಚ್‌ನಲ್ಲಿ ಚಾಲಕರನ್ನು ಹಿಡಿದು ಸಹಿ ಮಾಡಿಸುವ ಓಡಾಟ ತಪ್ಪುತ್ತದೆ.

6. ಹಮಾಲಿ ಮತ್ತು ಕೂಲಿಯ ಗುತ್ತಿಗೆಯನ್ನು ಬೇರೆ ಕಣ್ಣಿನಿಂದ ನೋಡಿ

ಚೀಲದ ಕರಾರು ಮುರಿದರೆ ಚೀಲ ಬರುವುದಿಲ್ಲ. ಕೂಲಿಯ ಕರಾರು ಮುರಿದರೆ ಒಬ್ಬರ ಮನೆಯ ಒಲೆ ಉರಿಯುವುದಿಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ, ಭವಿಷ್ಯ ನಿಧಿ ಮತ್ತು ಇಎಸ್‌ಐ ಕಟ್ಟದಿದ್ದರೆ ಹೊಣೆ ತಿರುಗಿ ಕೆಲಸ ಕೊಟ್ಟ ಮೂಲ ಮಾಲೀಕರ ಮೇಲೆಯೇ ಬರುತ್ತದೆ. ನಮ್ಮಲ್ಲಿ ಹಿಂದಿನ ತಿಂಗಳ ಚಲನ್ ಮತ್ತು ಪಗಾರದ ಪಟ್ಟಿ ಏರಿಸದೆ ಗುತ್ತಿಗೆದಾರರ ಈ ತಿಂಗಳ ಬಿಲ್ ಮುಂದೆ ಹೋಗುವುದಿಲ್ಲ. ಆ ಬಾಗಿಲನ್ನು ಸಾಫ್ಟ್‌ವೇರ್ ಕಾಯುತ್ತದೆ, ಆದ್ದರಿಂದ ಮನುಷ್ಯರು ಮುಖ ನೋಡಿ ಬಿಡುವ ಪ್ರಶ್ನೆ ಬರುವುದಿಲ್ಲ.

ಜೊತೆಗೆ, ಒಪ್ಪಿದ ಹಮಾಲಿ ದರವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಮುದ್ರಿಸಿ ಗೋದಾಮಿನ ಗೋಡೆಗೆ ಹಚ್ಚಿ. ಚೀಲ ಹೊರುವವರಿಗೆ ತಮ್ಮ ದರ ಗೊತ್ತಿರಬೇಕು. ಕರಾರಿನ ಆ ಒಂದು ಸಾಲು ಕಂಪ್ಯೂಟರಿನೊಳಗೆ ಮಾತ್ರ ಇದ್ದರೆ ಅವರಿಗೆ ಉಪಯೋಗವಿಲ್ಲ.

7. ಕನ್ನಡದಲ್ಲಿ ಹುಡುಕಿದರೆ ಸಿಗಬೇಕು

ನಮ್ಮ ಬಹಳಷ್ಟು ಬಾಡಿಗೆ ಪತ್ರ, ಇಸಾರ ಪತ್ರ, ಹಮಾಲಿ ಒಪ್ಪಂದಗಳು ಕನ್ನಡದಲ್ಲಿವೆ. ಕೋರ್ಟಿನ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಅವನ್ನು ಬಹುಕಾಲ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡುತ್ತಿದ್ದರು. ಆ ಫೈಲುಗಳು ಯೂನಿಕೋಡ್ ಅಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. "ಗೋದಾಮು" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಹಳೆಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ಹೊಸದನ್ನು ಯೂನಿಕೋಡಿನಲ್ಲೇ ಕೊಡಬೇಕೆಂದು ಟೈಪಿಸ್ಟರಿಗೆ ಹೇಳಿ. ಸಾಫ್ಟ್‌ವೇರ್ ತೋರಿಸಲು ಬಂದವರ ಮುಂದೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಕನ್ನಡದ ಒಂದು ಕರಾರು ಏರಿಸಿ, ಕನ್ನಡದ ಒಂದು ಪದ ಹುಡುಕಿಸಿ.

ಹೆಸರುಗಳದ್ದೂ ಇದೇ ತೊಂದರೆ. ಒಂದೇ ಪಾರ್ಟಿಯ ಹೆಸರನ್ನು ಒಬ್ಬರು "ಟ್ರಾನ್ಸ್‌ಪೋರ್ಟ್" ಎಂದು, ಇನ್ನೊಬ್ಬರು "ರೋಡ್‌ಲೈನ್ಸ್" ಎಂದು, ಮತ್ತೊಬ್ಬರು ಮಾಲೀಕರ ಹೆಸರಿನಲ್ಲಿ ಬರೆದಿರುತ್ತಾರೆ. ಗುರುತು ಹೆಸರಿನ ಮೇಲೆ ನಿಲ್ಲಬಾರದು. ಪ್ಯಾನ್ ಅಥವಾ ಜಿಎಸ್‌ಟಿ ಸಂಖ್ಯೆಯ ಮೇಲೆ ನಿಲ್ಲಲಿ.

8. ಕಮಲಾಪುರದ ಗೋದಾಮಿನಲ್ಲಿ ತೆರೆಯದಿದ್ದರೆ ಅದು ನಿಮಗಲ್ಲ

ಸಾಫ್ಟ್‌ವೇರನ್ನು ಕಚೇರಿಯ ಎಸಿ ಕೋಣೆಯಲ್ಲಿ ಪರೀಕ್ಷಿಸಬೇಡಿ. ಕಮಲಾಪುರದಲ್ಲಿ ಲಾರಿ ಇಳಿಸಿಕೊಳ್ಳುವ ನಮ್ಮ ಹುಡುಗನ ಮೊಬೈಲಿನಲ್ಲಿ, ಸಂಜೆ ಕರೆಂಟ್ ಹೋದ ಹೊತ್ತಿನಲ್ಲಿ ಪರೀಕ್ಷಿಸಿ. ಅವನಿಗೆ ಬೇಕಾದದ್ದು ಇಷ್ಟೇ: ಇವತ್ತು ಬರಬೇಕಾದ ಲಾರಿ ಯಾರದ್ದು, ಕರಾರಿನ ಪ್ರಕಾರ ಎಷ್ಟು ಚೀಲ, ಯಾವ ಗುಣಮಟ್ಟ, ತೂಕದ ಚೀಟಿಯ ಫೋಟೊ ಎಲ್ಲಿ ಹಾಕಬೇಕು. ದರ ಅವನಿಗೆ ಕಾಣಬೇಕಿಲ್ಲ. ದರ ಕಾಣುವವರು ಬೇರೆ, ಬದಲಿಸುವವರು ಬೇರೆ, ಹಣ ಬಿಡುವವರು ಬೇರೆ ಇರಲಿ.

"ನಮ್ಮ ಕಡೆಯವರಿಗೆ ಇದೆಲ್ಲ ಬರೂದಿಲ್ರಿ" ಎನ್ನುವವರಿಗೆ ಒಂದು ಮಾತು. 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಮೂಲಕ ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ಅಂಗಡಿಯಲ್ಲಿ ಕೂತು ಆನ್‌ಲೈನ್ ಟೆಂಡರ್ ಹಾಕುವುದನ್ನು ನಮ್ಮ ವರ್ತಕರು ಕಲಿತರು. ಕೆಲಸಕ್ಕೆ ಬರುವ ಸಾಧನವನ್ನು ನಮ್ಮವರು ಎಂದೂ ದೂರ ಇಟ್ಟಿಲ್ಲ.

ಯಾವ ಸಾಫ್ಟ್‌ವೇರ್ ಎಂದು ಕೇಳುತ್ತಾರೆ. ಕರಾರುಗಳು ಕೆಲವೇ ಇದ್ದರೆ ಗೂಗಲ್ ಶೀಟ್ ಮತ್ತು ಕ್ಯಾಲೆಂಡರ್ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಮುಂಬೈಯ ಫ್ರಾಪೆ ರೂಪಿಸಿದ, ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ಕರಾರಿಗೇ ಒಂದು ಫಾರ್ಮ್ ಇದೆ. ಜೋಹೊದಲ್ಲೂ ಕರಾರು ನಿರ್ವಹಣೆಯ ಸಾಧನವಿದೆ. ಪುಣೆಯ ನಂಟಿನ ಐಸರ್ಟಿಸ್‌ನಂಥ ಕಂಪನಿಗಳು ಜಗತ್ತಿನ ದೊಡ್ಡ ಉದ್ದಿಮೆಗಳಿಗೆ ಇದನ್ನೇ ಮಾಡಿಕೊಡುತ್ತವೆ. ಅಷ್ಟು ದೊಡ್ಡದು ದಾಲ್ ಮಿಲ್ಲಿಗೆ ಬೇಕಿಲ್ಲ.

9. ಸರ್ಕಾರದ ಆದೇಶ ಬಂದ ದಿನ ಯಾವ ಕರಾರು ತಟ್ಟುತ್ತದೆ ಎಂದು ಹೇಳಲು ಬರಬೇಕು

2023ರ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಮಿಲ್ಲುಗಳಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ. 25, ಯಾವುದು ಹೆಚ್ಚೋ ಅಷ್ಟು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದನ್ನು ಒಂದು ತಿಂಗಳ ಉತ್ಪಾದನೆ ಅಥವಾ ಶೇ. 10ಕ್ಕೆ ಇಳಿಸಿತು. 2024ರ ಜೂನ್ 21ರಂದು ತೊಗರಿ, ಕಡಲೆಗಳಿಗೆ ಮತ್ತೆ ಮಿತಿ ಬಂತು. ಇಂಥ ಆದೇಶ ಬಂದ ಬೆಳಿಗ್ಗೆ ಕೇಳಬೇಕಾದ ಪ್ರಶ್ನೆಗಳಿವೆ. ನಾವು ಒಪ್ಪಿಕೊಂಡು ಇನ್ನೂ ಬರದ ಮಾಲು ಎಷ್ಟು? ಕಮಲಾಪುರದಲ್ಲಿ ಇರುವುದು ಎಷ್ಟು, ಮಿಲ್ಲಿನಲ್ಲಿ ಎಷ್ಟು? ಯಾವ ಕರಾರಿನಲ್ಲಿ ಮಾಲು ಮುಂದೂಡುವ ಅವಕಾಶವಿದೆ?

ಹೀಗಾಗಿ ಪ್ರತಿ ಖರೀದಿ ಕರಾರಿನಲ್ಲಿ ಸರ್ಕಾರದ ಆದೇಶದಿಂದ ಮಿತಿ ಬಂದರೆ ಪ್ರಮಾಣ ಮತ್ತು ದಿನವನ್ನು ಇಬ್ಬರೂ ಕೂತು ಬದಲಿಸುವ ಷರತ್ತು ಇರಲಿ. ಆ ಷರತ್ತಿರುವ ಕರಾರುಗಳಿಗೆ ಸಾಫ್ಟ್‌ವೇರಿನಲ್ಲಿ ಒಂದು ಗುರುತು ಇರಲಿ. ಮಿತಿಯ ಭಾರ ಪೂರ್ತಿ ಮಾರುವವರ ಮೇಲೆ ಬೀಳದಂತೆ ಆ ಷರತ್ತನ್ನು ನ್ಯಾಯವಾಗಿ ಬರೆಯಿರಿ.

10. ಸಾಫ್ಟ್‌ವೇರ್ ಮಾರುವವರೂ ಒಬ್ಬ ವೆಂಡರ್

ಎಲ್ಲರ ಕರಾರು ಇಟ್ಟುಕೊಳ್ಳುವ ಸಾಫ್ಟ್‌ವೇರಿನ ಕರಾರನ್ನು ಓದುವವರು ಕಡಿಮೆ. ಹಣ ಕಟ್ಟುವುದು ನಿಲ್ಲಿಸಿದರೆ ನಮ್ಮ ದಾಖಲೆ ಎಷ್ಟು ದಿನ ಉಳಿಯುತ್ತದೆ? ಎಲ್ಲವನ್ನೂ ಎಕ್ಸೆಲ್ ಮತ್ತು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದೇ? ಮುಂದಿನ ವರ್ಷ ದರ ಎಷ್ಟು ಏರಬಹುದು? ಇವುಗಳ ಉತ್ತರ ಬರಹದಲ್ಲಿ ಬರಲಿ. ಆ ಕರಾರೂ ನಿಮ್ಮ ಪಟ್ಟಿಯಲ್ಲಿ, ತೀರ್ಮಾನದ ದಿನಾಂಕದ ಜೊತೆ, ಒಂದು ಸಾಲಾಗಿ ಸೇರಲಿ. ಲಾಗಿನ್ ಮಿಲ್ಲಿನ ಇಮೇಲಿನಲ್ಲಿರಲಿ. ಮುನೀಮರು ಕೆಲಸ ಬಿಟ್ಟರೆ ಪಾಸ್‌ವರ್ಡ್ ಅವರ ಜೊತೆ ಹೋಗಬಾರದು. ಸಹಿಯಾದ ಮೂಲ ಕಾಗದಗಳನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

11. ವರ್ಷಕ್ಕೊಮ್ಮೆ ಎರಡೂ ಕಡೆಯ ಲೆಕ್ಕ ತೆಗೆಯಿರಿ

ಸುಗ್ಗಿ ಮುಗಿದು ಏಪ್ರಿಲ್ ಬಂದಾಗ ಪ್ರತಿ ಪಾರ್ಟಿಯ ಮುಂದೆ ಒಂದು ಹಾಳೆ ತೆಗೆಯುತ್ತೇವೆ. ಎಡಗಡೆ ಅವರದ್ದು: ಮಾಲು ತಡವಾದದ್ದು, ತೂಕ ಕಡಿಮೆ ಬಂದದ್ದು, ಯಂತ್ರ ಕೆಟ್ಟಾಗ ಎಷ್ಟು ಹೊತ್ತಿಗೆ ಬಂದರು. ಬಲಗಡೆ ನಮ್ಮದು: ಹಣ ಎಷ್ಟು ಸಲ ತಡ ಮಾಡಿದೆವು, ಲಾರಿ ಎಷ್ಟು ಹೊತ್ತು ಗೇಟಿನಲ್ಲಿ ನಿಲ್ಲಿಸಿದೆವು, ತಕರಾರನ್ನು ಗಡುವಿನೊಳಗೆ ಹೇಳಿದೆವೋ ಇಲ್ಲವೋ. ಹೊಸ ದರದ ಮಾತುಕತೆಗೆ ಕೂತಾಗ ಆ ಹಾಳೆ ಇಬ್ಬರ ನಡುವೆ ಇರುತ್ತದೆ. ಬಲಗಡೆ ಶುದ್ಧವಾಗಿದ್ದರೆ ದರ ಇಳಿಸಲು ಕೇಳುವ ಬಾಯಿಗೆ ಬಲ ಬರುತ್ತದೆ. ಸಮಯಕ್ಕೆ ಹಣ ಕೊಡುವ ಮಿಲ್ಲಿಗೆ ಸುಗ್ಗಿಯಲ್ಲಿ ಮೊದಲ ಲಾರಿ ಬರುತ್ತದೆ, ಒಳ್ಳೆಯ ಬಾರದಾನ ಮೊದಲು ಬರುತ್ತದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಮಳೆಗಾಲದಲ್ಲಿ, ಮಿಲ್ಲಿಗೆ ಸ್ವಲ್ಪ ಬಿಡುವಿರುವಾಗ, ಪಾವತಿಯ ಖಾತೆಯಿಂದ ಪಟ್ಟಿ ತೆಗೆಯಿರಿ. ಹೆಚ್ಚು ಹಣ ಹೋಗುವ ಹತ್ತು ಪಾರ್ಟಿಗಳನ್ನು ಮೊದಲು ತುಂಬಿ. ತೀರ್ಮಾನದ ದಿನ, ಹಣದ ಗಡುವು, ಹೊಣೆಗಾರರ ಹೆಸರು, ಈ ಮೂರು ಕಾಲಂ ಖಾಲಿ ಬಿಡಬೇಡಿ. ಉಳಿದದ್ದು ನಿಧಾನವಾಗಿ ಬರಲಿ. ಡಿಸೆಂಬರ್‌ನ ಮೊದಲ ಲಾರಿ ಗೇಟಿಗೆ ಬರುವ ಹೊತ್ತಿಗೆ ಆ ಹತ್ತು ಕರಾರುಗಳಾದರೂ ಯಾರ ನೆನಪನ್ನೂ ಅವಲಂಬಿಸದೆ ನಡೆಯುತ್ತಿರಬೇಕು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಗಂಜಿನ ಹಳೆಯ ಬಂಡವಾಳ. ವ್ಯವಹಾರ ಬೆಳೆದು ಮಾತುಗಳ ಸಂಖ್ಯೆ ನೂರಾದಾಗಲೂ ಅದನ್ನು ಕಳೆದುಕೊಳ್ಳದೆ ಇರಲು ಈ ಸಾಧನ ಬೇಕು.